ಹಳ್ಳೂರ ಮಾಸ್ತರರ ಬಲಗೈ

ಹಳ್ಳೂರ ಮಾಸ್ತರರ ಪರಿಚಯ ನನಗೆ ಮೊದಲು ಆದದ್ದು ಎಡಗೆನ್ನೆಯ ಮೇಲೆ. ಮುಖ ನೆಟ್ಟಗೆ ನೋಡುವ ಮೊದಲೇ ಅವರ ಬಲಗೈ ಬಂದು ಬಿದ್ದಿತ್ತು. ಕಣ್ಣು ಕತ್ತಲಿಟ್ಟಿತು, ಕನ್ನಡಕ ಹಾರಿ ಕಿಟಕಿಯ ಬುಡಕ್ಕೆ ಹೋಯಿತು, ಎಡಗಿವಿಯಲ್ಲಿ ಎರಡು ದಿನ ಕುಕ್ಕರ್ ಕೂಗಿದಂತೆ ಒಂದೇ ಸದ್ದು. ಮೊರದಷ್ಟು ಅಗಲದ ಕೈ ಅದು. ನಮ್ಮಪ್ಪ ಕೂಡ ನನ್ನ ಮೇಲೆ ಕೈ ಎತ್ತಿದವರಲ್ಲ, ಈ ಮಹಾನುಭಾವ ಯಾರು ಅಂತ ನನಗೆ ಅಳುವಿಗಿಂತ ಮೊದಲು ರೋಷ ಬಂತು.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಮುಂಬಯಿಯ ಸಯನ್ನಿನಲ್ಲಿ, ಶಾಲಾ ಮುಖ್ಯೋಪಾಧ್ಯಾಯರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿದ್ದೆ. ಶಾಲೆ ನಡೆಸುವುದು ಹೇಗೆ, ಮಾಸ್ತರರನ್ನು ನಿಭಾಯಿಸುವುದು ಹೇಗೆ, ಸಿಟ್ಟಾಗಿ ಬಂದ ಅಪ್ಪ ಅಮ್ಮಂದಿರ ಹತ್ತಿರ ಮಾತಾಡುವುದು ಹೇಗೆ ಅಂತೆಲ್ಲ ಮೂರು ವಾರ ಹೇಳಿಕೊಡುತ್ತಿದ್ದೆವು. ಆರು ತಿಂಗಳು ಬಿಟ್ಟು ಅವರವರ ಶಾಲೆಗೇ ಹೋಗಿ, ಕಲಿತದ್ದು ತಲೆಯಲ್ಲಿ ಉಳಿಯಿತೋ ಲೋಕಲ್ಲಿನ ನೂಕಾಟದಲ್ಲಿ ಬಿದ್ದುಹೋಯಿತೋ ನೋಡಿಬರುವುದೂ ನನ್ನದೇ ಕೆಲಸ.

ಆ ದಿನ ಪಾಠದ ಬದಲು ಒಂದು ಸಣ್ಣ ನಾಟಕ. ನಾನು ಮುಖ್ಯೋಪಾಧ್ಯಾಯಿನಿ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ದಪ್ಪ ಮೀಸೆಯ, ಗೋರೆಗಾಂವಿನ ಕನ್ನಡ ಶಾಲೆಯ ಹಳ್ಳೂರ ಮಾಸ್ತರು, ಮಗನಿಗೆ ಪೆಟ್ಟು ಬಿತ್ತೆಂದು ನುಗ್ಗಿ ಬಂದ ತಂದೆ. ಬಂದವನಿಗೆ ಮೊದಲು ಕುರ್ಚಿ ಕೊಡಬೇಕು, ಕೂತವನ ಸಿಟ್ಟು ಅರ್ಧ ಇಳಿಯುತ್ತದೆ ಎಂದು ಬೆಳಗ್ಗೆ ನಾನೇ ಪಾಠ ಮಾಡಿದ್ದೆ. ಕೂತ್ಕೊಳ್ಳಿ ಅನ್ನಲು ಬಾಯಿ ತೆರೆಯುವುದರೊಳಗೆ ಅವರು ಬಂದರು, ಹೊಡೆದರು. ಆಮೇಲೆ ನಿಧಾನವಾಗಿ ಕನ್ನಡಕ ಹೆಕ್ಕಿ, ಧೋತರದ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟರು.

"ಸಿಟ್ಟಿನ ತಂದಿ ಅಂದ್ರೆಲ್ಲ ಬಾಯಾರ. ಸಿಟ್ಟಿನ ತಂದಿ ಹಿಂಗ ಬರತಾನ. ಕುರ್ಚಿ ಕಾಣೂತನಕ ನಿಂದ್ರಂಗಿಲ್ಲ."

ಈ ಮನುಷ್ಯನನ್ನು ಇವತ್ತೇ ಮನೆಗೆ ಅಟ್ಟದಿದ್ದರೆ ನಾನು ಪಾಠವನ್ನೇ ಮಾಡುವುದಿಲ್ಲ ಅಂತ ಹಠ ಹಿಡಿದೆ. ಚಹಾದ ಹೊತ್ತಿಗೆ ಅವರೇ ಬಂದು ನನ್ನ ಮೇಜಿನ ಮುಂದೆ ನಿಂತರು. ಕಳಿಸಬೇಡಿ, ಕಳಿಸಿದರೆ ಶಾಲೆಯ ಕೀಲಿಕೈ ಹೋಗುತ್ತದೆ ಅಂದರು. ಶಾಲೆ ನಡೆಸುತ್ತಿದ್ದ ಕನ್ನಡಿಗರ ಟ್ರಸ್ಟು ಅವರಿಗೆ ಒಂದು ಷರತ್ತು ಹಾಕಿತ್ತಂತೆ. ತರಬೇತಿ ಮುಗಿಸಬೇಕು, ಆಮೇಲೆ ಪರಿಶೀಲನೆಗೆ ಬಂದವರು ಇವರ ಕೈ ನಿಂತಿದೆ ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅಂಥದ್ದೇನು ಮಾಡಿದಿರಿ ಅಂತ ಕೇಳಿದೆ.

"ಒಂದು ಹುಡುಗನ ಕಿವಿ ಹೋಗೇತ್ರಿ, ನನ್ನ ಕೈಲಿ."

ಯಾವ ಕಿವಿ ಎಂದೆ.

"ಎಡದ್ದು. ನನ್ನದು ಬಲಗೈ ಅಲ್ಲೇನ್ರಿ."

ನನ್ನ ಕೈ ತಾನಾಗಿ ನನ್ನ ಎಡಗಿವಿಗೆ ಹೋಯಿತು. ಇರಲಿ, ಮೂರು ವಾರ ಕೂರಿ, ಆರು ತಿಂಗಳಿಗೆ ನಿಮ್ಮ ಶಾಲೆಗೆ ನಾನೇ ಬರುತ್ತೇನೆ, ಹೇಳದೆ ಕೇಳದೆ ಬರುತ್ತೇನೆ ಅಂದೆ. ಅವರು ಕೈಮುಗಿದರು. ಮುಗಿದ ಆ ಕೈಗಳನ್ನು ನೋಡಿಯೂ ನನಗೆ ಭಯವೇ ಆಯಿತು.

ವಿಜಾಪುರದ ಕಡೆಯ ಮನುಷ್ಯ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಶಾಲೆಯ ಹಿಂದಿನ ಖೋಲಿಯಲ್ಲೇ ವಾಸ. ಶಾಲೆಗೆ ಬರುತ್ತಿದ್ದವರೆಲ್ಲ ಅಲ್ಲಿ ಬಿಲ್ಡಿಂಗ್ ಕಟ್ಟಲು ಬಂದ ನಮ್ಮ ಬಡಗಣ ಸೀಮೆಯವರ ಮಕ್ಕಳು. ಅಪ್ಪ ಇಟ್ಟಿಗೆ ಹೊರಲು ಎಳೆದೊಯ್ದ ಹುಡುಗನನ್ನು ಇವರು ಕಾಲರ್ ಹಿಡಿದು ಶಾಲೆಗೆ ಎಳೆತರುತ್ತಿದ್ದರು. ಶನಿವಾರ ನಲ್ಲಿಯ ಹತ್ತಿರ ಕತ್ತರಿ ಹಿಡಿದು ಕೂತು ಹುಡುಗರ ಕೂದಲು ತಾವೇ ಕತ್ತರಿಸುತ್ತಿದ್ದರು. ಅಲುಗಾಡಿದವನ ನೆತ್ತಿಗೆ ಒಂದು ಮೊಟಕು. ಮಧ್ಯಾಹ್ನ ತಮ್ಮ ಜೋಳದ ರೊಟ್ಟಿ ಮುರಿದು ಬುತ್ತಿಯಿಲ್ಲದವರಿಗೆ ಹಂಚುತ್ತಿದ್ದರು, ಬೇಡವೆಂದವನಿಗೂ ಒಂದು ಏಟು. ಶಾಲೆಯ ಸುತ್ತಲಿನ ಚಾಳಿನ ಸಾಲುಮನೆಗಳಲ್ಲಿ ನಲ್ಲಿ ನೀರಿಗೆ ಕೊಡಗಳಲ್ಲೇ ತಲೆ ಒಡೆದುಕೊಳ್ಳುತ್ತಿದ್ದರು, ಪಾನ್ ಅಂಗಡಿಯ ಮುಂದೆ ಹಾಡುಹಗಲೇ ಚೂರಿ ಹೊರಬರುತ್ತಿತ್ತು, ಕುಡಿದು ಬಂದ ಗಂಡಸರು ಹೆಂಡಿರನ್ನು ಓಣಿಗೆ ಎಳೆದು ಬಡಿಯುತ್ತಿದ್ದರು. ಅಂಥಲ್ಲಿ ಬಾಯಿಮಾತು ಯಾರು ಕೇಳುತ್ತಾರೆ, ದಂಡಂ ದಶಗುಣಂ ಎಂಬುದು ಮಾಸ್ತರರ ವಾದ. ಕಾಳಜಿಗೂ ಕೋಪಕ್ಕೂ ಅವರ ಹತ್ತಿರ ಇದ್ದದ್ದು ಅದೊಂದೇ ಕೈ.

ಆ ಕೈಯೇ ಭೀಮಶಿಯ ಕಿವಿ ತಿಂದದ್ದು. ಐದನೆಯ ಇಯತ್ತೆಯಲ್ಲಿ ಓದುತ್ತಿದ್ದ ಹುಡುಗ, ಗೋಡೆ ಕಟ್ಟುವ ಗೌಂಡಿ ಯಂಕಪ್ಪನ ಮಗ. ಅಂದು ಕೇಳಲು ಬಂದ ಯಂಕಪ್ಪನನ್ನು ಮಾಸ್ತರು ಬಾಗಿಲಲ್ಲೇ ನಿಲ್ಲಿಸಿ, ಕುತ್ತಿಗೆ ಹಿಡಿದು ಹೊರಗೆ ತಳ್ಳಿದ್ದರು. ಆ ಸಂಗತಿಯನ್ನೂ ತರಬೇತಿಯಲ್ಲಿ ಅವರೇ ಎದ್ದು ನಿಂತು ಹೇಳಿದರು. ಏನನ್ನೂ ಮುಚ್ಚಿಡುವ ಆಸಾಮಿಯಲ್ಲ.

ಆರು ತಿಂಗಳಾದ ಮೇಲೆ ಹೇಳದೆ ಹೋದೆ. ಅಂಗಳದಲ್ಲಿ ಮಾಸ್ತರು ಓಡಾಡುತ್ತಿದ್ದರು. ಎರಡೂ ಕೈ ಬೆನ್ನ ಹಿಂದೆ, ಬಲ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಹಿಡಿದುಕೊಂಡು, ಕಳ್ಳನನ್ನು ಪೊಲೀಸ್ ಹಿಡಿದ ಹಾಗೆ. ಅವರ ಖೋಲಿಯ ಬಾಗಿಲಲ್ಲಿ ಒಂದು ಸಾಗವಾನಿ ಕುರ್ಚಿ. ಬಂದವರು ಕೂರಲಿಕ್ಕೆ ಅಂದರು. ಒಬ್ಬ ಹುಡುಗ ಅವರ ಕಣ್ಣೆದುರೇ ಇನ್ನೊಬ್ಬನ ಬರೆಯುವ ಪಾಟಿ ಒಡೆದ. ಮಾಸ್ತರರ ಮೀಸೆ ಕುಣಿಯಿತು, ಕೈ ಮಾತ್ರ ಬೆನ್ನು ಬಿಟ್ಟು ಬರಲಿಲ್ಲ. ನಾನು ಮಕ್ಕಳನ್ನು ಬೇರೆಬೇರೆ ಕರೆದು ಕೇಳಿದೆ. ಸರ್ ಈಗ ಹೊಡೆಯಲ್ಲ ಅಂದರು ಎಲ್ಲರೂ. ನಾನು ಹಿಗ್ಗಿಹೋದೆ, ಸುಳ್ಳೇಕೆ ಹೇಳಲಿ. ನಮ್ಮ ಪಾಠ ಒಬ್ಬ ಕಲ್ಲುಮನುಷ್ಯನನ್ನು ಬದಲಿಸಿತಲ್ಲ ಅಂತ.

ಭೀಮಶಿಯನ್ನು ಕರೆಸಿ ಅಂದೆ. ಅವನು ಈಗತಾನೆ ಅಳುತ್ತ ಮನೆಗೆ ಓಡಿಹೋದ ಅಂದಳು ಒಬ್ಬ ಹುಡುಗಿ. ಯಾಕೆ ಎಂದೆ. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟಳು. ಐದನೆಯ ಇಯತ್ತೆಯ ಕೋರಿ ಸರ್ ಅವನ ಇನ್ನೊಂದು ಕಿವಿಗೆ ಹೊಡೆದರಂತೆ, ರಕ್ತ ಬಂತಂತೆ. ಹಳ್ಳೂರ ಸರ್ ಹೊಡೆಯುವುದು ಬಿಟ್ಟ ಮೇಲೆ ಎಲ್ಲರಿಗೂ ಕೋರಿ ಸರ್ರೇ ಹೊಡೆಯುವುದಂತೆ.

ನಾನು ನೇರ ಮಾಸ್ತರರ ಖೋಲಿಗೆ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ನಾ ಹೊಡೀರಿ ಅಂತ ಯಾರಿಗೂ ಹೇಳಿಲ್ಲ ಬಾಯಾರ ಅಂದರು. ನೀವು ಹೇಳಬೇಕಾಗಿರಲಿಲ್ಲ, ಇಷ್ಟು ವರ್ಷ ಮಾಡಿ ತೋರಿಸಿದ್ದೀರಿ, ಅವರು ಕಲಿತಿದ್ದಾರೆ ಅಂದೆ. ಅವರ ಮುಖ ಕಪ್ಪಿಟ್ಟಿತು. ಕೋರಿ ಸರ್ರನ್ನು ಕರೆಸಿದರು. ಆ ಮನುಷ್ಯ ಬಂದು, ಶಾಲೆಯಲ್ಲಿ ಯಾರಾದರೂ ಹೊಡೆಯಲೇಬೇಕಲ್ಲ ಸರ್, ನೀವು ಬಿಟ್ಟಿರಿ ಅಂತ ನಾನು ಹಿಡಿದೆ ಅಂದುಬಿಟ್ಟರು.

ಅಷ್ಟರಲ್ಲಿ ಯಂಕಪ್ಪ ಬಂದ. ಮೈಯೆಲ್ಲ ಸಿಮೆಂಟು, ಕೈಯಲ್ಲಿ ಕಬ್ಬಿಣದ ಸಳಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಒಂದು ಕಿವಿ ನೀ ತಿಂದಿ," ಎಂದ ಮಾಸ್ತರರಿಗೆ. "ಇನ್ನೊಂದು ಇವಗ ಕೊಟ್ಟೇನು?"

ಸಳಿ ಎತ್ತಿ ಕೋರಿ ಸರ್ ತಲೆಗೆ ಬೀಸಿದ. ಅದು ಬಾಗಿಲ ಚೌಕಟ್ಟಿಗೆ ಬಡಿದು ಕೈಜಾರಿ ಬಿತ್ತು. ಮಾಸ್ತರು ನಡುವೆ ಹೋಗಿ ನಿಂತರು. ಆ ಸಾಗವಾನಿ ಕುರ್ಚಿಯನ್ನು ಯಂಕಪ್ಪನ ಮುಂದೆ ಎಳೆದು, "ಕೂಡಪಾ ಯಂಕಪ್ಪಾ, ಮೊದಲ ಕೂಡು," ಅಂದರು. ಯಂಕಪ್ಪ ಕುರ್ಚಿಯನ್ನೊಮ್ಮೆ ನೋಡಿದ. ಎರಡೂ ಕೈಯಲ್ಲಿ ಅದನ್ನೇ ಎತ್ತಿ ಬಡಿದ. ಮಾಸ್ತರರ ಬಲಗೈ ಮೇಲೆದ್ದಿತು. ಹೊಡೆಯಲಿಕ್ಕಲ್ಲ, ತಡೆಯಲಿಕ್ಕೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮತ್ತೆ ಎತ್ತಿದ, ಮತ್ತೆ ಅದೇ ಕೈಯ ಮೇಲೆ. ಎಡಗೈ ಪೂರ್ತಿ ಖಾಲಿಯಿತ್ತು, ಮಾಸ್ತರು ಆಳಿನಲ್ಲಿ ಯಂಕಪ್ಪನ ಎರಡರಷ್ಟಿದ್ದರು, ಒಂದು ನೂಕಿಗೆ ಅವನು ಬೀಳುತ್ತಿದ್ದ. ನೂಕಲಿಲ್ಲ. ಕೋರಿ ಸರ್ ಕಿಟಕಿ ಹಾರಿ ಓಡಿದರು. ನಾನು ಕಿರುಚುತ್ತಲೇ ಇದ್ದೆ. ಕುರ್ಚಿಯ ಕಾಲು ಮುರಿದಾಗ ಯಂಕಪ್ಪ ಅದನ್ನು ಬಿಸಾಕಿ ಅಲ್ಲೇ ಕುಕ್ಕರಿಸಿ ಹೋ ಎಂದು ಅತ್ತ.

ಮಾಸ್ತರು ಗೋಡೆಗೊರಗಿ ಕೂತಿದ್ದರು, ಕೈ ಒಂದು ವಿಚಿತ್ರ ದಿಕ್ಕಿಗೆ ತಿರುಗಿತ್ತು. ನನ್ನತ್ತ ನೋಡಿ, "ಬರಕೋರಿ ಬಾಯಾರ," ಅಂದರು. "ಕುರ್ಚಿ ಕೊಟ್ಟೀನಿ."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಪೊಲೀಸರು ಬಂದರು. ಬಿದ್ದು ಮುರಕೊಂಡೆ ಅಂತ ಮಾಸ್ತರು ಸಾಧಿಸಿಬಿಟ್ಟರು.

ನಾನು ಕಂಡದ್ದನ್ನೇ ಬರೆದೆ. ತರಬೇತಿಯಿಂದ ಮುಖ್ಯೋಪಾಧ್ಯಾಯರ ಕೈ ನಿಂತಿದೆ, ಶಾಲೆಯ ಕೈ ನಿಂತಿಲ್ಲ. ಒಬ್ಬರಿಗೆ ಕಲಿಸಿ ಕೈತೊಳೆದುಕೊಂಡರೆ ಆಗದು, ಎಲ್ಲ ಮಾಸ್ತರರಿಗೂ ಕಲಿಸಬೇಕು, ಇವರೇ ಮುಂದೆ ನಿಂತು ಕಲಿಸಲಿ ಎಂದೂ ಬರೆದೆ. ಟ್ರಸ್ಟಿನವರು ಕೊನೆಯ ಮಾತು ಓದಿದಂತೆ ಕಾಣಲಿಲ್ಲ. ಕೀಲಿಕೈ ಇಸಿದುಕೊಂಡರು. ಕೋರಿ ಸರ್ ಮಲಾಡಿನ ಇನ್ನೊಂದು ಶಾಲೆಗೆ ಸೇರಿ ಆರಾಮಾಗಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಭೀಮಶಿಯ ಬಲಗಿವಿ ಅರ್ಧ ಉಳಿಯಿತು, ಆದರೆ ಮತ್ತೆಮತ್ತೆ ಸಯನ್ನಿನ ದೊಡ್ಡ ಆಸ್ಪತ್ರೆಗೆ ತೋರಿಸಬೇಕಿತ್ತು. ಯಂಕಪ್ಪನಿಗೆ ಕೆಲಸ ಬಿಟ್ಟು ಬರಲಾಗದು. ನೀ ತಿಂದದ್ದು, ನೀನೇ ಕರಕೊಂಡು ಹೋಗು ಅಂದನಂತೆ. ಆ ನೆಟ್ಟಗಾಗದ ಕೈ ಇಟ್ಟುಕೊಂಡು ಮಾಸ್ತರು ಗೋರೆಗಾಂವಿನಿಂದ ಲೋಕಲ್ಲಿನಲ್ಲಿ, ದಾದರಿನಲ್ಲಿ ಗಾಡಿ ಬದಲಿಸಿ, ಹುಡುಗನನ್ನು ಕರೆತರುತ್ತಿದ್ದರು. ಯಾವಾಗಲೂ ಅವನ ಬಲಗಡೆಗೇ ನಡೆಯುತ್ತಿದ್ದರು, ಮಾತು ಕೇಳಿಸಲೆಂದು.

ಕಡೆಯ ಸಲ ಕಂಡದ್ದು ಮೂರ್ನಾಲ್ಕು ವರ್ಷಗಳ ಮೇಲೆ, ಸಯನ್ ಸ್ಟೇಷನ್ನಿನಲ್ಲಿ. ಅದರ ಮುಂದಿನ ವರ್ಷ ಅವರು ಎದೆನೋವಿನಿಂದ ಹೋಗಿಬಿಟ್ಟರು, ನನಗೆ ತಿಳಿದದ್ದೇ ತಡವಾಗಿ. ಅಂದು ಮಾತ್ರ ಗೆಲುವಾಗಿದ್ದರು. ಭೀಮಶಿ ಚಿಗುರುಮೀಸೆಯ ಹುಡುಗನಾಗಿದ್ದ, ಅವರಿಗೆ ಏನೋ ಚೇಷ್ಟೆ ಮಾಡಿ ನಗುತ್ತಿದ್ದ. ನನಗೆ ನನ್ನ ಹಾಳು ಕಸುಬಿನ ಚಟ. ಹೇಳಿ ಮಾಸ್ತರ್ರೇ, ನಮ್ಮ ತರಬೇತಿಯಿಂದ ಕೊನೆಗೂ ಏನಾದರೂ ಉಪಯೋಗವಾಯಿತಾ ಅಂತ ಕೇಳಿದೆ. ಆಗದ ಏನ್ರಿ, ಕೈ ಅಂತೂ ನಿಂತೈತಿ ಎಂದು ನಕ್ಕರು.

ನಗುತ್ತಲೇ, ಹುಡುಗನ ಕಾಲರ್ ಮಡಚಿಕೊಂಡದ್ದನ್ನು ಕಂಡು ಸರಿಮಾಡಲು ಆ ಸೊಟ್ಟ ಬಲಗೈ ಎತ್ತಿದರು. ಭೀಮಶಿ ಅತ್ತ ಗಾಡಿ ನೋಡುತ್ತಿದ್ದ. ಕಣ್ಣಂಚಿನಲ್ಲಿ ಕೈ ಕಂಡಿರಬೇಕು. ಎರಡೂ ತೋಳಿನಿಂದ ಕಿವಿ ಮುಚ್ಚಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ದಡಕ್ಕನೆ ಕುಸಿದು ಕೂತ.

ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಮಾಸ್ತರು ಅದನ್ನು ಇಳಿಸಿ, ಬೆನ್ನ ಹಿಂದೆ ಒಯ್ದು, ಎಡಗೈಯಿಂದ ಹಿಡಿದುಕೊಂಡರು.

"ನೋಡಿದ್ರೆಲ್ಲ ಬಾಯಾರ," ಎಂದರು. "ಇದನ್ನೂ ಬರಕೋರಿ."

ಗಾಡಿ ಬಂತು. ಅವರು ಹುಡುಗನ ಬಲಗಡೆಗೆ, ಒಂದು ಮೊಳ ದೂರ ಬಿಟ್ಟು ಕುಕ್ಕರಗಾಲಲ್ಲಿ ಕೂತರು, ಕೈ ಬೆನ್ನ ಹಿಂದೆಯೇ. ಜನ ಅವರಿಬ್ಬರನ್ನು ಬಳಸಿಕೊಂಡು ಹತ್ತಿದರು, ಗಾಡಿ ಹೋಯಿತು. ಭೀಮಶಿ ತಾನಾಗಿ ಕಿವಿಯಿಂದ ತೋಳು ತೆಗೆಯುವ ತನಕ ಮಾಸ್ತರು ಏಳಲಿಲ್ಲ.