ಗಂಧದಡಿಯ ತಿರುಪುಗಳು

ಅಮೆರಿಕದ ರಾಂಚೊ ಬರ್ನಾರ್ಡೊದಲ್ಲಿ ನಾನು ಕೋವಿ ರಿಪೇರಿ ಮಾಡುವ ಗ್ಯಾರೇಜಿಗೆ ಕೊಡಗಿನ ಮುತ್ತಣ್ಣ ಅಂಕಲ್ ತಮ್ಮ ಹಳೆಯ ಬೇಟೆ ಕೋವಿಯನ್ನೂ ಗುರಿಯನ್ನು ದೊಡ್ಡದಾಗಿ ತೋರಿಸುವ ಒಂದು ಸ್ಕೋಪನ್ನೂ ತಂದರು. ಅವರಿಗೆ ಕಣ್ಣು ಮಂಜಾಗಿ ಗುರಿ ಕಾಣುತ್ತಿರಲಿಲ್ಲ. ಹೀಗೇ ಆದರೆ ಶೂಟಿಂಗ್ ರೇಂಜಿಗೆ ಹೋಗುವುದನ್ನೇ ಬಿಡಬೇಕಾಗುತ್ತಿತ್ತು.

"ಈ ಸ್ಕೋಪ್ ಕೂರಿಸಿ ಕೊಡಪ್ಪ. ಡ್ರಿಲ್ ಇದೆಯಲ್ಲ ನಿನ್ನ ಹತ್ರ."

ಗುಂಡಿಲ್ಲ ಎಂದು ಅವರು ಹೇಳಿದರೂ, ಕೋವಿ ಖಾಲಿಯಿದೆಯೇ ಎಂದು ನಾನೇ ತೆರೆದು ನೋಡಿದೆ.

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ಈ ವಿಷಯದಲ್ಲಿ ಯಾರ ಮಾತಿನ ಮೇಲೂ ಇಲ್ಲ, ಅಂಕಲ್."

ನಳಿಗೆಯ ಮೇಲಿನ ಕಿರೀಟದ ಮುದ್ರೆ ನೋಡಿ ಸ್ವೀಡನ್ನಿನದೆಂದು ಗುರುತಿಸಿದೆ. ಇಷ್ಟು ಹಳೆಯವಕ್ಕೆ ಎಷ್ಟೋ ಸಲ ಸ್ಕೋಪ್ ಬಿಗಿಯಲು ಬೇಕಾದ ತಿರುಪಿನ ತೂತು ಇರುವುದಿಲ್ಲ. ಕೊರೆದರೆ ಕೋವಿ ಮತ್ತೆ ಮೊದಲಿನಂತಾಗದು. ಕೊರೆಯುವುದಿಲ್ಲ ಎಂದೆ.

"ಕೋವಿ ನನ್ನದು."

"ಡ್ರಿಲ್ ನನ್ನದು."

ಅಂಕಲ್ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರ ಮುಖ ನೋಡಲಾಗದೆ ನಾನು ಕೋವಿ ಒರೆಸತೊಡಗಿದೆ. ಕೈಲ್ ಪೊಳ್ದ್ ಹಬ್ಬದ ಕೋವಿ ಪೂಜೆಯಲ್ಲಿ ಆಂಟಿ ವರ್ಷ ವರ್ಷ ಹಚ್ಚಿದ ಗಂಧ, ಕುಂಕುಮ ನಳಿಗೆಯ ಹಿಂಬದಿಯಲ್ಲಿ ಪದರ ಪದರವಾಗಿ ಒಣಗಿತ್ತು. ಎಣ್ಣೆ ಬಟ್ಟೆಯಿಂದ ಉಜ್ಜಿದಾಗ ಪುಟ್ಟ ತಿರುಪಿನ ತಲೆಯೊಂದು ಕಂಡಿತು. ಇನ್ನೂ ಉಜ್ಜಿದೆ, ಮತ್ತೆ ಮೂರು ಕಂಡವು. ಸ್ಕೋಪಿಗೆಂದೇ ಕಾರ್ಖಾನೆಯವರು ತೂತು ಕೊರೆದು, ಕಸ ಸೇರದಂತೆ ತಿರುಪಿನಿಂದ ಮುಚ್ಚಿ ಕಳಿಸಿದ್ದರು.

ಡ್ರಿಲ್ಲನ್ನು ಮುಟ್ಟದೆಯೇ ಸ್ಕೋಪ್ ಬಿಗಿದೆ. ಮರುದಿನ ರೇಂಜಿನಲ್ಲಿ ಅಂಕಲ್ ಅದಕ್ಕೆ ಕಣ್ಣಿಟ್ಟು, "ಕಾಣ್ತದೆ" ಎಂದರು.

ಮುಂದಿನ ಹಬ್ಬಕ್ಕೆ ಗಂಧ ಎಲ್ಲಿ ಹಚ್ಚಬೇಕೆಂದು ಆಂಟಿಗೆ ಕೋವಿಯ ಮರದ ಹಿಡಿಯ ಮೇಲೆ ಜಾಗ ತೋರಿಸಿ ಬಂದಿದ್ದೇನೆ. ಅವರು ತಮಾಷೆ ಎಂದುಕೊಂಡು ನಕ್ಕರು.