ಕಾಲು ಸುತ್ತು ಹಿಂದ

ಕೊಯ್ದ ದವಡೆ ಮೂಳೆಯನ್ನು ದಿನಾ ತುಸು ಸರಿಸಿ ಉದ್ದ ಮಾಡುವ ತಿರುಪು ಎಷ್ಟು ಕೆಲಸ ಮಾಡೀತೆಂದು ಕಂಪ್ಯೂಟರಿನಲ್ಲಿ ಮೊದಲೇ ತೋರಿಸಲು ನನ್ನಂಥವನು ಸೂಪಾದಿಂದ ಮುಂಬೈತನಕ ಇರಲಿಲ್ಲ. ಆದರೂ ದಾಂಡೇಲಿಯ ಫಿಟ್ಟರ್ ಹುಸೇನಸಾಬರ ಮಗಳ ದವಡೆ ನನ್ನ ಲೆಕ್ಕದ ಅರ್ಧಕ್ಕೇ ನಿಂತಿತ್ತು. ಮೂಳೆ ಹಾಗೇ ಕೂಡಿಕೊಂಡರೆ ಮತ್ತೆ ಕೊಯ್ಯಬೇಕು. ವಾರವಿಡೀ ಲೆಕ್ಕ ತಿದ್ದಿ ಸೋತು, ಬಸ್ಸು ಹಿಡಿದು ಅವರ ಮನೆಗೇ ಹೋದೆ.

"ದಿನಾ ತಿರುವ್ತೀರಿಲ್ರೀ?"

"ತಪ್ಪಿಸಿಲ್ರೀ ಸಾಹೇಬ್ರ. ಅರ್ಧ ಸುತ್ತು ಮುಂದ, ಆಮ್ಯಾಲ ಕಾಲು ಸುತ್ತು ಹಿಂದ."

"ಹಿಂದ ಯಾಕ್ರೀ?"

"ಜಾಮ್ ಆಗಬಾರ್ದಲ್ರೀ. ಮಿಲ್ಲಿನ್ಯಾಗ ಎಲ್ಲಾ ವಾಲ್ವಿಗೂ ಹಂಗ ಮಾಡ್ತೇವಿ."

"ಅಬ್ಬಾ, ನಾ ಏನ್ ಪೈಪೇನು?" ಅಂದಳು ಮಗಳು.

ಮುಂದಕ್ಕಷ್ಟೇ ತಿರುವು ಎಂದು ಹೇಳಿ, ತಿರುವುವ ಕೀಲಿಯನ್ನು ಅವಳ ಕೈಗೇ ಕೊಟ್ಟು ಬಂದೆ. ದವಡೆ ಲೆಕ್ಕಕ್ಕೆ ಬಂತು. ತಿರುಪು ಜಾಮ್ ಆಗದೆ ಉಳಿದದ್ದು ತಮ್ಮಿಂದಲೇ ಎಂದು ಹುಸೇನಸಾಬರು ಊರೆಲ್ಲ ಹೇಳಿಕೊಂಡು ತಿರುಗಿದರು. ನನ್ನೆದುರೂ ಅದನ್ನೇ ಅಂದರು; ದಣಿದಿದ್ದೆ, ಹೌದ್ರೀ ಅಂದುಬಿಟ್ಟೆ.