ಮಿರಾನಳ ಬುದ್ಧಿಹಲ್ಲು

ಪ್ಯೊ ಒಕ್ರೆಗೆ ಅರವತ್ತೆರಡು. ಕೊರಿಯಾದ ಇಂಚನ್ ನಗರದ ಒಂದು ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಕಂಡವರ ಹಲ್ಲು ತೊಳೆಯುವುದೇ ಅವಳ ಬದುಕು. ದಂತವೈದ್ಯರು ಕಿತ್ತು ಕಳಿಸಿದ ಹಲ್ಲನ್ನು ಕೆರೆದು, ಪುಡಿ ಮಾಡಿ, ಆಮ್ಲದಲ್ಲಿ ನೆನೆಸಿ ಒಣಗಿಸಬೇಕು. ಸವೆದ ದವಡೆಗೆ ಆ ಪುಡಿ ತುಂಬಿದರೆ ಮೂಳೆ ಬೆಳೆದು, ಕಟ್ಟಿಸಿದ ಹಲ್ಲಿನ ತಿರುಪು ಗಟ್ಟಿಯಾಗಿ ನಿಲ್ಲುತ್ತದೆ. ಸಂಜೆಗೆ ಸೊಂಟ ಬಿದ್ದುಹೋಗುತ್ತದೆ.

ಅವಳ ಕೆಳದವಡೆಯೇ ಬೋಳು; ಮೂರು ವರ್ಷದಿಂದ ಗಂಜಿಯೇ ಗತಿ. ತನ್ನ ಹಲ್ಲು ಕಿತ್ತ ದಿನ, ಚಿಕ್ಕಂದಿನ ರೂಢಿಯಂತೆ, ಹಕ್ಕಿ ಹೊಸದು ತರಲೆಂದು ಸೂರಿನ ಮೇಲೆ ಎಸೆದುಬಿಟ್ಟಿದ್ದಳು. ಅರವತ್ತರ ಮುದುಕಿಗೆ ಯಾವ ಹಕ್ಕಿ ಹಲ್ಲು ತರುತ್ತದೆ? ಅದನ್ನೇ ಪುಡಿ ಮಾಡಿ ತನ್ನ ದವಡೆಗೆ ತುಂಬಿಸಬಹುದೆಂದು ದಣಿದ ತಲೆಗೆ ಹೊಳೆಯಲೇ ಇಲ್ಲ.

ಕೊನೆಗೆ ಮಗಳು ಮಿರಾನ್ ತನ್ನ ಬುದ್ಧಿಹಲ್ಲು ಕೀಳಿಸಿ, ಅಮ್ಮನ ದವಡೆಗೆಂದು ಕಳಿಸಿದಳು.

ಕೆರೆಯುವ ಮುನ್ನ ಒಕ್ರೆ ಹಲ್ಲನ್ನು ದೀಪಕ್ಕೆ ಹಿಡಿದಳು. ಅಗಿಯುವ ತುದಿಯ ಹತ್ತಿರ ಅಡ್ಡಕ್ಕೆ ಒಂದು ತಗ್ಗು ಗೆರೆ. ಅಂಥವನ್ನು ಅವಳು ಸಾಕಷ್ಟು ಕಂಡವಳು. ಹಲ್ಲು ಒಳಗೇ ಕಟ್ಟುತ್ತಿದ್ದಾಗ ಮಗು ಕಾಯಿಲೆ ಬಿದ್ದರೆ, ಇಲ್ಲವೇ ಉಪವಾಸ ಬಿದ್ದರೆ ಮೂಡುವ ಗೆರೆ ಅದು. ಲೆಕ್ಕ ಹಾಕಿದಳು: ಬುದ್ಧಿಹಲ್ಲಿನ ಆ ತುದಿ ಕಟ್ಟುವಾಗ ಮಿರಾನಳಿಗೆ ಒಂಬತ್ತು ವರ್ಷ. ಕಾರ್ಖಾನೆಗಳು ಮುಚ್ಚಿದ ವರ್ಷ, ಅವಳನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಒಕ್ರೆ ದೂರದ ಬುಸಾನ್ ಬಂದರಿನಲ್ಲಿ ಮೀನು ಸೀಳುತ್ತಿದ್ದಳು.

ಫೋನ್ ಮಾಡಿದಳು.

"ಅತ್ತೆ ಮನೇಲಿದ್ದಾಗ ಜ್ವರಗಿರ ಬಂದಿತ್ತೇನೆ?"

"ಇಲ್ಲಮ್ಮ. ಯಾಕೆ?"

"ಹೊಟ್ಟೆಗೆ ಹಾಕ್ತಿದ್ರಾ ಸರಿಯಾಗಿ?"

"ಅವರಿಗೇ ಇರ್ಲಿಲ್ಲ, ನಂಗೆಲ್ಲಿಂದ ಹಾಕ್ತಾರೆ? ಶಾಲೇಲಿ ಒಂದ್ಹೊತ್ತು ಸಿಗ್ತಿತ್ತು."

"ಚೆನ್ನಾಗಿ ಉಣ್ತೀನಿ ಅಂತಿದ್ಯಲ್ಲೇ ಫೋನಲ್ಲಿ."

"ನೀನು ಅಳ್ತಿದ್ದೆ. ಹಸಿವು ಅಂದಿದ್ರೆ ಕೆಲಸ ಬಿಟ್ಟು ಓಡಿ ಬರ್ತಿದ್ದೆ."

"ಈ ಹಲ್ಲು ನಂಗೆ ಬೇಡ ಕಣೇ."

"ಹುಚ್ಚಿ ಥರ ಆಡ್ಬೇಡ. ಕಿತ್ಸೋವಾಗ ಪ್ರಾಣ ಹೋಗಿದೆ ನಂಗೆ. ಪುಡಿ ಮಾಡು."

ಒಕ್ರೆಗೆ ದುಃಖ ಉಕ್ಕಿತು. ನಾದಿನಿ ಸತ್ತು ಹತ್ತು ವರ್ಷ; ಬಯ್ಯೋಣವೆಂದರೆ ಆಳಿಲ್ಲ, ತನ್ನನ್ನೇ ಬಯ್ದುಕೊಳ್ಳಲು ತ್ರಾಣವಿಲ್ಲ. ಹಲ್ಲು ಕೆರೆದಳು, ತೊಳೆದಳು, ಪುಡಿ ಮಾಡುವ ಯಂತ್ರದೊಳಗಿಟ್ಟು ಮುಚ್ಚಳ ಹಾಕಿದಳು. ಕೈ ಮುಂದೆ ಹೋಗಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಗುಂಡಿ ಒತ್ತಲು ಪಕ್ಕದ ಮೇಜಿನವಳನ್ನು ಕರೆದಳು.